ಬ್ಯಾಂಕಾಕ್‌ಗೆ ಮತ್ತೆ ಬಂದಾಗ: ಈ ಸಲ ಯಾವ ಏರಿಯಾದಲ್ಲಿ ಉಳಿಯುತ್ತೀರಿ?

ಚಿಯಾಂಗ್ ಮಾಯ್‌ನಿಂದ ಹೊರಟ ರಾತ್ರಿ ರೈಲು ಬ್ಯಾಂಕಾಕಿನ ಉತ್ತರದ ಡಾನ್ ಮುವಾಂಗ್ ದಾಟುವಾಗ ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಬೋಗಿಯ ಸಿಬ್ಬಂದಿ ಒಂದೊಂದೇ ಹಾಸಿಗೆ ಮಡಚಿ ಮತ್ತೆ ಸೀಟು ಮಾಡಿಕೊಡುತ್ತಿದ್ದರು. ಅಲ್ಲಿಂದ ಮುಂದೆ ಹಳಿ ಮೇಲ್ಸೇತುವೆಯ ಮೇಲೆ ಓಡುತ್ತದೆ. ಕಿಟಕಿಯಾಚೆ ಅಪಾರ್ಟ್‌ಮೆಂಟುಗಳ ಬಾಲ್ಕನಿ, ಅಲ್ಲಿ ಒಣಹಾಕಿದ ಬಟ್ಟೆ, ಕೆಳಗೆ ಆಗಲೇ ಶುರುವಾದ ಟ್ರಾಫಿಕ್ಕು. ಏಳು ವಾರ ಉತ್ತರ ಥಾಯ್ಲೆಂಡು, ಲಾವೋಸು ಅಂತ ತಿರುಗಿ ಬಂದಿದ್ದೆ. ಆ ಬಾಲ್ಕನಿಗಳನ್ನು ನೋಡಿ ಮನೆ ಹತ್ತಿರ ಬಂತು ಅನ್ನಿಸಿತು. ನನ್ನ ಮನೆ ಇರುವುದು ಮೈಸೂರಿನಲ್ಲಿ. ಆದರೂ ಹಾಗೇ ಅನ್ನಿಸಿತು.

ತಿಂಗಳುಗಟ್ಟಲೆ ಬ್ಯಾಗು ಹೊತ್ತು ಆಗ್ನೇಯ ಏಷ್ಯಾ ಸುತ್ತುವವರು ಬ್ಯಾಂಕಾಕ್‌ಗೆ ಎರಡು, ಮೂರು ಸಲವಾದರೂ ಬಂದೇ ಬರುತ್ತಾರೆ. ರೈಲು, ಬಸ್ಸು, ಕಡಿಮೆ ದರದ ವಿಮಾನ ಎಲ್ಲವೂ ಅಲ್ಲಿ ಕೂಡುತ್ತವೆ. ಆದರೆ ಮೊದಲ ಸಲ ಬಂದಾಗ ಸರಿಹೋದ ಜಾಗ ಎರಡನೇ ಸಲಕ್ಕೆ ಸರಿಹೋಗಲೇಬೇಕು ಅಂತಿಲ್ಲ. ಇದು ನನಗೆ ಗೊತ್ತಾಗಿದ್ದು ತಪ್ಪು ಮಾಡಿದ ಮೇಲೆ.

ಮೊದಲ ಸಲ ಖಾವ್ ಸಾನ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ನಾಲ್ಕು ರಾತ್ರಿ ಇದ್ದೆ. ಅರಮನೆ ನೋಡಿದೆ, ವಾಟ್ ಫೋದಲ್ಲಿ ಮಲಗಿದ ಬುದ್ಧನನ್ನು ನೋಡಿದೆ, ದೋಣಿ ಹತ್ತಿದೆ. ಖುಷಿಯೋ ಖುಷಿ. ಎರಡನೇ ಸಲ ಏನೂ ಯೋಚಿಸದೆ ಅದೇ ಗಲ್ಲಿಗೆ ಹೋದೆ. ಆಗ ನನ್ನ ಬ್ಯಾಗಿನ ಪಟ್ಟಿ ಕಿತ್ತು ಹೋಗಿತ್ತು. ಲಾವೋಸಿನಲ್ಲಿ ಒಂದು ನಾಯಿಮರಿ ಕಚ್ಚಿದ್ದರಿಂದ ರೇಬಿಸ್ ಚುಚ್ಚುಮದ್ದಿನ ಕೊನೆಯ ಡೋಸ್ ಬಾಕಿ ಇತ್ತು. ಎಂಟು ದಿನದ ಬಟ್ಟೆ ಒಗೆಯದೆ ಬಿದ್ದಿತ್ತು. ಎಲ್ಲಕ್ಕಿಂತ ಜಾಸ್ತಿ ನಿದ್ದೆ ಬೇಕಿತ್ತು. ರಾತ್ರಿ ಎರಡರವರೆಗೂ ಹಾಸಿಗೆಯ ಕೆಳಗಿನಿಂದ ಡ್ರಮ್ ಬಡಿದ ಹಾಗೆ ಹಾಡು ಕೇಳಿಸುತ್ತಿತ್ತು. ಎರಡು ದಿನ ಒದ್ದಾಡಿ ಮೂರನೇ ದಿನ ಚೈನಾಟೌನಿಗೆ ಹೋದೆ. ಕೊನೆಗೆ ಸಿಲೋಮ್ ಕಡೆ ಹೋದೆ. ಆಮೇಲಿನ ಪ್ರವಾಸಗಳಲ್ಲಿ ಉಳಿದ ಏರಿಯಾಗಳಲ್ಲೂ ಇದ್ದು ನೋಡಿದ್ದೇನೆ. ಆ ಅನುಭವದ ಮೇಲೆ ಬರೆದ ಹೋಲಿಕೆ ಇದು.

ಮೊದಲು ಕೆಲಸ, ಆಮೇಲೆ ಏರಿಯಾ

ಮೊದಲ ಸಲ ಬಂದವರು ನೋಡುವ ಜಾಗಗಳ ಪಟ್ಟಿ ಮಾಡುತ್ತಾರೆ. ಮತ್ತೆ ಬಂದವರಿಗೆ ಕೆಲಸಗಳ ಪಟ್ಟಿ ಇರುತ್ತದೆ. ನಿದ್ದೆ, ಬಟ್ಟೆ, ರಿಪೇರಿ, ಡಾಕ್ಟರು, ವೀಸಾ, ದಾರಿಯಲ್ಲಿ ಸಿಕ್ಕ ಗೆಳೆಯರನ್ನು ಮತ್ತೆ ಕಾಣುವುದು, ಇಲ್ಲವೇ ಸುಮ್ನೆ ಎರಡು ದಿನ ಏನೂ ಮಾಡದೆ ಕೂರುವುದು. ರೂಮು ಬುಕ್ ಮಾಡುವ ಮುಂಚೆ ಈ ಪಟ್ಟಿಯಲ್ಲಿ ಯಾವುದು ಮೊದಲು ಅಂತ ಕೇಳಿಕೊಳ್ಳಿ. ಬ್ಯಾಂಕಾಕ್ ದೊಡ್ಡ ಊರು. ಸಂಜೆ ಹೊತ್ತು ಟ್ಯಾಕ್ಸಿಯಲ್ಲಿ ಕೂತರೆ ಆರು ಕಿಲೋಮೀಟರಿಗೆ ಒಂದು ಗಂಟೆ ಹೋಗುವುದುಂಟು. ಕೆಲಸ ಒಂದು ಕಡೆ, ಮಲಗುವುದು ಇನ್ನೊಂದು ಕಡೆ ಆದರೆ ಇರುವ ಮೂರು ದಿನದಲ್ಲಿ ಒಂದು ದಿನ ರಸ್ತೆಯಲ್ಲೇ ಹೋಗುತ್ತದೆ.

ದುಡ್ಡಿನ ಲೆಕ್ಕಕ್ಕೆ: ಒಂದು ಬಾತ್ ಅಂದರೆ ಅಂದಾಜು ಎರಡೂವರೆಯಿಂದ ಮೂರು ರೂಪಾಯಿ. ಒಳ್ಳೆಯ ಹಾಸ್ಟೆಲಿನ ಡಾರ್ಮಿನಲ್ಲಿ ಒಂದು ಮಂಚಕ್ಕೆ ಸುಮಾರು 300ರಿಂದ 600 ಬಾತ್. ಇದು ಏರಿಯಾದಿಂದ ಏರಿಯಾಗೆ ತುಂಬಾ ಬದಲಾಗುವುದಿಲ್ಲ. ಹಾಗಾಗಿ ಬಾಡಿಗೆ ನೋಡಿ ಏರಿಯಾ ಆರಿಸುವುದಕ್ಕಿಂತ ಓಡಾಟ ನೋಡಿ ಆರಿಸಿ.

ಬಂಗ್ಲಂಫು: ಜೊತೆ ಬೇಕಾದಾಗ

ಖಾವ್ ಸಾನ್ ಇರುವ ಹಳೆಯ ಪೇಟೆಯ ಹೆಸರು ಬಂಗ್ಲಂಫು. ಖಾವ್ ಸಾನ್ ಅಂದರೆ ಅಕ್ಕಿ. ಒಂದು ಕಾಲದಲ್ಲಿ ಅಲ್ಲಿ ಅಕ್ಕಿ ವ್ಯಾಪಾರ ನಡೆಯುತ್ತಿತ್ತು. ಈಗ ಅರ್ಧ ಕಿಲೋಮೀಟರೂ ಇಲ್ಲದ ಆ ರಸ್ತೆಯಲ್ಲಿ ಬಾರು, ಮಸಾಜು, ಟೀ ಶರ್ಟು, ಟ್ರಾವೆಲ್ ಏಜೆಂಟರು. ಅದನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಒಬ್ಬರೇ ತಿರುಗುವವರಿಗೆ ಐದನೇ, ಆರನೇ ವಾರದಲ್ಲಿ ಒಂದು ಥರದ ಒಂಟಿತನ ಬರುತ್ತದೆ. ಯಾರ ಜೊತೆಗಾದರೂ ಕೂತು ಎರಡು ಗಂಟೆ ಮಾತಾಡಬೇಕು ಅನ್ನಿಸುತ್ತದೆ. ಅಂಥ ಹೊತ್ತಿನಲ್ಲಿ ಬಂಗ್ಲಂಫುವಿನಷ್ಟು ಬೇಗ ಜೊತೆ ಕೊಡುವ ಜಾಗ ಈ ಊರಲ್ಲಿ ಬೇರೆ ಇಲ್ಲ. ಲಾವೋಸಿನ ಲುವಾಂಗ್ ಪ್ರಬಾಂಗ್‌ನಲ್ಲಿ ಪರಿಚಯವಾದ ಇಬ್ಬರು ನನಗೆ ಮತ್ತೆ ಸಿಕ್ಕಿದ್ದು ರಂಬುತ್ರಿ ಗಲ್ಲಿಯ ಮರದ ಕೆಳಗೆ, ಫೋನು ಕೂಡ ಮಾಡದೆ.

ಉಳಿಯುವುದಾದರೆ ಖಾವ್ ಸಾನ್ ಮೇಲೆ ಬೇಡ. ರಂಬುತ್ರಿ ಗಲ್ಲಿ ಸ್ವಲ್ಪ ವಾಸಿ. ಫ್ರಾ ಆತಿತ್ ರಸ್ತೆ ಇನ್ನೂ ವಾಸಿ. ಕಾಲುವೆ ದಾಟಿ ಸಾಮ್‌ಸೆನ್ ಕಡೆಯ ಸಣ್ಣ ಗಲ್ಲಿಗಳಿಗೆ ಹೋದರೆ ರಾತ್ರಿ ನಿದ್ದೆಯೂ ಬರುತ್ತದೆ, ಹತ್ತು ನಿಮಿಷ ನಡೆದರೆ ಗಲಾಟೆಯೂ ಸಿಗುತ್ತದೆ. ನದಿ ಪಕ್ಕದ ಸಂತಿಚೈ ಪ್ರಕಾನ್ ಪಾರ್ಕಿಗೆ ಸಂಜೆ ಹೋಗಿ. 1783ರಲ್ಲಿ ಕಟ್ಟಿದ ಬಿಳಿ ಬಣ್ಣದ ಫ್ರಾ ಸುಮೇನ್ ಕೋಟೆ ಅಲ್ಲೇ ಇದೆ. ಸುಮೇನ್ ಅಂದರೆ ನಮ್ಮ ಸುಮೇರು. ಅದರ ಪಕ್ಕ ಹೆಂಗಸರು, ಅಜ್ಜಂದಿರು ಎಲ್ಲ ಸೇರಿ ಹಾಡು ಹಾಕಿಕೊಂಡು ಏರೋಬಿಕ್ಸ್ ಮಾಡುತ್ತಾರೆ. ನೀವೂ ಸೇರಿಕೊಳ್ಳಬಹುದು. ಯಾರೂ ಏನೂ ಅನ್ನುವುದಿಲ್ಲ.

ಇಲ್ಲಿನ ದೊಡ್ಡ ಕೊರತೆ ಅಂದರೆ ಮೆಟ್ರೋ ಇಲ್ಲ, ಮೇಲ್ಸೇತುವೆಯ ಮೇಲೆ ಓಡುವ ಸ್ಕೈಟ್ರೇನೂ ಇಲ್ಲ. ಫ್ರಾ ಆತಿತ್ ಕಟ್ಟೆಯಿಂದ ಚಾವೊ ಫ್ರಯಾ ನದಿಯ ದೋಣಿ ಇದೆ. ಕಿತ್ತಳೆ ಬಾವುಟದ ದೋಣಿ ಹತ್ತಿದರೆ ಎಷ್ಟೇ ದೂರ ಹೋದರೂ ಒಂದೇ ದರ. ಆದರೆ ಇಳಿಸಂಜೆಗೆ ಅದು ನಿಂತುಬಿಡುತ್ತದೆ. ಇನ್ನೊಂದು ದಾರಿ ಸೇನ್ ಸೇಪ್ ಕಾಲುವೆಯ ದೋಣಿ. ಪಾನ್‌ಫಾ ಕಟ್ಟೆಯಲ್ಲಿ ಹತ್ತಿದರೆ ನಡು ಊರಿನ ಪ್ರತುನಾಮ್‌ವರೆಗೆ ಟ್ರಾಫಿಕ್ಕಿನ ಗೊಡವೆಯೇ ಇಲ್ಲದೆ ಹೋಗಬಹುದು. ನೀರು ಸಿಡಿಯುತ್ತದೆ, ಅಂಚಿನ ಸೀಟು ಬೇಡ. ಕೆಲಸ ಎಲ್ಲ ಊರಿನ ಆ ಬದಿಗಿದ್ದರೆ ಬಂಗ್ಲಂಫುವಿನಲ್ಲಿ ಉಳಿದು ದಿನಾ ಓಡಾಡುವುದು ಸುಸ್ತಿನ ಮಾತು.

ನನ್ನ ಅಭಿಪ್ರಾಯ: ಗೆಳೆಯರನ್ನು ಕಾಣಲು ಬಂದಿದ್ದರೆ, ಅಥವಾ ಮುಂದಿನ ದಾರಿಗೆ ಜೊತೆ ಹುಡುಕುತ್ತಿದ್ದರೆ ಎರಡು ರಾತ್ರಿ. ಅದಕ್ಕಿಂತ ಜಾಸ್ತಿ ಬೇಡ.

ಚೈನಾಟೌನ್: ರಿಪೇರಿಗೆ, ಹೊಟ್ಟೆಗೆ

ಯಾವರಾತ್ ರಸ್ತೆಯ ಸುತ್ತಲಿನ ಚೈನಾಟೌನಿಗೆ 2019ರಲ್ಲಿ ಮೆಟ್ರೋ ಬಂತು. ವಾಟ್ ಮಂಗ್‌ಕೊನ್ ಸ್ಟೇಷನ್ನಿನಲ್ಲಿ ಇಳಿದರೆ ಪೇಟೆಯ ನಡುವೆಯೇ ಇರುತ್ತೀರಿ. ಅದಕ್ಕೆ ಮುಂಚೆ ಇಲ್ಲಿ ಉಳಿಯುವುದು ಕಷ್ಟ ಅನ್ನುತ್ತಿದ್ದರು. ಈಗ ಹಳೆಯ ಅಂಗಡಿಮನೆಗಳನ್ನು ಹಾಸ್ಟೆಲು ಮಾಡಿದ್ದಾರೆ. ಕೆಳಗೆ ಕಾಫಿ, ಮೇಲೆ ಮಂಚಗಳು. ಮೆಟ್ಟಿಲು ಕಡಿದಾಗಿರುತ್ತವೆ, ಲಿಫ್ಟು ಇರುವುದಿಲ್ಲ. ಬ್ಯಾಗು ಭಾರವಿದ್ದರೆ ಮೊದಲನೇ ಮಹಡಿ ಕೇಳಿ.

ನನ್ನ ಬ್ಯಾಗು ಸರಿಯಾಗಿದ್ದು ಇಲ್ಲೇ. ಸಂಪೆಂಗ್ ಗಲ್ಲಿ ಅಂತ ಒಂದು ಇದೆ. ನಮ್ಮ ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿ ನೆನಪಿಸಿಕೊಳ್ಳಿ. ಇಬ್ಬರು ಎದುರುಬದುರು ಬಂದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ನಡುವೆ ಸಾಮಾನು ಹೇರಿಕೊಂಡ ಕೈಗಾಡಿ ಬೇರೆ. ಗುಂಡಿ, ಜಿಪ್ಪು, ಲೇಸು, ಬಕಲ್ಲು, ಪಟ್ಟಿ, ಏನು ಕೇಳಿದರೂ ಸಿಗುತ್ತದೆ. ಕಿತ್ತ ಬಕಲ್ಲು ತೋರಿಸಿದೆ. ಅಂಗಡಿಯಾಕೆ ಅದನ್ನು ಬೆರಳಲ್ಲಿ ಅಳೆದು, ಹಿಂದಿನ ಡಬ್ಬಿಗಳಲ್ಲಿ ಮೂರನೆಯದನ್ನು ತೆಗೆದು ಅದೇ ಗಾತ್ರದ್ದು ಕೊಟ್ಟರು. ಆಮೇಲೆ ಮೂಲೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಫುಟ್‌ಪಾತಿನಲ್ಲಿ ಕೂತಿದ್ದ ಒಬ್ಬ ಅಜ್ಜನ ಕಡೆ ಕೈ ತೋರಿಸಿದರು. ಆತ ಹಳೆಯ ದಾರ ಪೂರ್ತಿ ಬಿಚ್ಚಿದರು. ಪಟ್ಟಿಯ ತುದಿಯನ್ನು ಲೈಟರಿನಿಂದ ಸುಟ್ಟು ಅಂಟಿಸಿ, ಎರಡು ಮಡಿಕೆ ಮಾಡಿ, ಚೌಕಾಕಾರವಾಗಿ ಹೊಲಿದು ನಡುವೆ ಅಡ್ಡಡ್ಡ ಇನ್ನೆರಡು ಹೊಲಿಗೆ ಹಾಕಿದರು. ಹೊಲಿದ ಮೇಲೆ ಬ್ಯಾಗಿನ ಮೇಲೆ ಒಂದು ಕಾಲಿಟ್ಟು ಪಟ್ಟಿಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದರು. ಕೇಳಿದ್ದು 40 ಬಾತ್. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ.

ಊಟದ ವಿಷಯಕ್ಕೆ ಬಂದರೆ ಯಾವರಾತ್ ರಾತ್ರಿಯ ಊರು. ಸಂಜೆ ಆರರ ಮೇಲೆ ಫುಟ್‌ಪಾತಿನಲ್ಲಿ ಒಲೆಗಳು ಹೊತ್ತಿಕೊಳ್ಳುತ್ತವೆ. ಮಾಂಸ, ಮೀನು ತಿನ್ನುವವರಿಗೆ ಹೇಳುವುದೇ ಬೇಡ. ತರಕಾರಿ ಮಾತ್ರ ತಿನ್ನುವವರು ಹಳದಿ ಬಾವುಟ ಹುಡುಕಿ. ಅದರಲ್ಲಿ ಕೆಂಪು ಅಕ್ಷರದಲ್ಲಿ ‘ಜೇ’ ಅಂತ ಬರೆದಿರುತ್ತದೆ. ನೋಡಲು 17 ಅಂಕೆಯ ಹಾಗೇ ಕಾಣುತ್ತದೆ. ಜೇ ಊಟದಲ್ಲಿ ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಇನ್ನೊಂದು ಪದ ‘ಮಂಗ್‌ಸವಿರತ್’. ನಿಧಾನವಾಗಿ ಹೇಳಿ ನೋಡಿ: ಮಾಂಸ ವಿರತಿ! ಥಾಯ್ ಭಾಷೆಯಲ್ಲಿ ಹೀಗೆ ನಮಗೆ ಗೊತ್ತಿರುವ ಪದ ಮುಖ ಮುಚ್ಚಿಕೊಂಡು ಕೂತಿರುತ್ತವೆ. ಬರಿ ತರಕಾರಿ ಅಂದರೆ ಸಾಲದು, ಮೀನಿನ ರಸ ಹಾಕಿಬಿಡುತ್ತಾರೆ. ‘ಮಾಯ್ ಸಾಯ್ ನಾಮ್ ಪ್ಲಾ’ ಅನ್ನಿ, ಹಾಕುವುದಿಲ್ಲ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಒಂಬತ್ತು ದಿನ ಜೇ ಹಬ್ಬ ನಡೆಯುತ್ತದೆ. ಆಗ ಇಡೀ ಯಾವರಾತ್ ಹಳದಿ ಬಾವುಟ. ನಿಮ್ಮ ವಾಪಸಾತಿ ಆ ದಿನಗಳಿಗೆ ಬಿದ್ದರೆ ಬೇರೆ ಏರಿಯಾ ಯೋಚಿಸಲೇಬೇಡಿ.

ಪಕ್ಕದಲ್ಲೇ ಫಾಹುರತ್. ಬಟ್ಟೆ ಅಂಗಡಿಗಳು, ಸಿಖ್ಖರ ಗುರುದ್ವಾರ, ಮಸಾಲೆ ಟೀ, ಪೂರಿ. ಆರು ವಾರ ಅಕ್ಕಿ ಶಾವಿಗೆ ತಿಂದ ನಾಲಿಗೆಗೆ ಒಂದು ಲೋಟ ಏಲಕ್ಕಿ ಚಹಾ ಏನು ಮಾಡುತ್ತದೆ ಅಂತ ಕುಡಿದವರಿಗೇ ಗೊತ್ತು. ಅಲ್ಲಿಂದ ನದಿ ಕಡೆ ನಡೆದರೆ ಪಾಕ್ ಖ್ಲೋಂಗ್ ಹೂವಿನ ಮಾರುಕಟ್ಟೆ. ರಾತ್ರಿಯೇ ಅದರ ಭರಾಟೆ. ನಿದ್ದೆ ಬಾರದ ಒಂದು ರಾತ್ರಿ ಹೋಗಿದ್ದೆ. ಚೆಂಡು ಹೂವಿನ ಮೂಟೆ, ಬಾಳೆ ಎಲೆಯ ಕಟ್ಟು, ಮಲ್ಲಿಗೆಯ ಮಾಲೆ ಪೋಣಿಸುತ್ತಾ ಕೂತ ಹೆಂಗಸರು. ಕೆ.ಆರ್. ಮಾರುಕಟ್ಟೆಯ ಬೆಳಗಿನ ಜಾವದ ವಾಸನೆ ಅದು. ಅಮ್ಮನಿಗೆ ಅಲ್ಲಿಂದಲೇ ವೀಡಿಯೊ ಕಾಲ್ ಮಾಡಬೇಕು ಅನ್ನಿಸಿತ್ತು, ಊರಲ್ಲಿ ಅವರು ಮಲಗಿರುವ ಹೊತ್ತು ಅಂತ ಬಿಟ್ಟೆ.

ಚೈನಾಟೌನಿನಲ್ಲಿ ಇಲ್ಲದ್ದು ಎರಡು: ಮರ, ಮತ್ತೆ ಕಾಲು ಚಾಚಿ ನಡೆಯುವ ಜಾಗ. ಜ್ವರದಿಂದ ಏಳುತ್ತಿರುವವರಿಗೆ, ಸುಮ್ನೆ ಬಿದ್ದುಕೊಳ್ಳಬೇಕು ಅನ್ನುವವರಿಗೆ ಇದು ಹೇಳಿ ಮಾಡಿಸಿದ ಜಾಗ ಅಲ್ಲ.

ಸಿಲೋಮ್, ಬಂಗ್ ರಾಕ್: ಮೈ ಸರಿ ಮಾಡಿಕೊಳ್ಳಲು

ಎರಡನೇ ಸಲ ಬರುವವರಿಗೆ ನಾನು ಮೊದಲು ಹೇಳುವ ಏರಿಯಾ ಇದು. ಕಾರಣ ತುಂಬಾ ಸರಳ. ಸ್ಕೈಟ್ರೇನು, ಮೆಟ್ರೋ, ನದಿಯ ದೋಣಿ ಮೂರೂ ಸಿಗುವ ಜಾಗ ಇದು. ಸಫಾನ್ ತಾಕ್ಸಿನ್ ಸ್ಟೇಷನ್ನಿನಿಂದ ಇಳಿದರೆ ಸಾತೊರ್ನ್ ದೋಣಿಕಟ್ಟೆ. ಸಾಲಾ ಡೇಂಗ್ ಸ್ಟೇಷನ್ನಿನಿಂದ ಇಳಿದರೆ ಸಿಲೋಮ್ ಮೆಟ್ರೋ, ಎದುರಿಗೆ ಲುಂಪಿನಿ ಪಾರ್ಕು.

ಸಿಲೋಮ್ ಅಂದರೆ ಬ್ಯಾಂಕು, ಆಫೀಸು, ಟೈ ಕಟ್ಟಿದವರು ಅಂದುಕೊಂಡು ಬ್ಯಾಗಿನವರು ಆ ಕಡೆ ಹೋಗುವುದು ಕಡಿಮೆ. ಆದರೆ ಆಫೀಸಿನವರು ಇದ್ದ ಕಡೆಯೇ ಅಲ್ವಾ ಕಡಿಮೆ ದರದ ಒಳ್ಳೆಯ ಊಟ ಸಿಗುವುದು? ಮಧ್ಯಾಹ್ನ ಗಲ್ಲಿಗಳಲ್ಲಿ ಅನ್ನದ ಮೇಲೆ ಎರಡು ಪಲ್ಯ ಹಾಕಿಕೊಡುವ ಗಾಡಿಗಳ ಮುಂದೆ ಸಾಲು ಇರುತ್ತದೆ. ಆ ಸಾಲಿನಲ್ಲಿ ನಿಂತರೆ ಸಾಕು. ಡಾರ್ಮುಗಳೂ ಇವೆ, ಬಂಗ್ ರಾಕ್ ಕಡೆ ಚರೋಯೆನ್ ಕ್ರುಂಗ್ ರಸ್ತೆಯ ಸುತ್ತ ಜಾಸ್ತಿ. ಆ ರಸ್ತೆ 1860ರ ದಶಕದ್ದು, ಬ್ಯಾಂಕಾಕಿನ ಮೊದಲ ಆಧುನಿಕ ರಸ್ತೆಗಳಲ್ಲಿ ಒಂದು.

ನನ್ನ ಚುಚ್ಚುಮದ್ದಿನ ಕಥೆ ಮುಗಿದಿದ್ದು ಇಲ್ಲಿ. ರಾಮಾ 4 ರಸ್ತೆಯಲ್ಲಿ ಥಾಯ್ ರೆಡ್ ಕ್ರಾಸಿನ ಕ್ವೀನ್ ಸಾವೊವಭಾ ಸ್ಮಾರಕ ಸಂಸ್ಥೆ ಇದೆ. ಪ್ರವಾಸಿಗರಿಗೆ ಅದು ಹಾವಿನ ಫಾರ್ಮು ಅಂತ ಗೊತ್ತು. ಹಾವಿನ ವಿಷ ತೆಗೆದು ಔಷಧ ಮಾಡುತ್ತಾರೆ, ಅದನ್ನು ತೋರಿಸುತ್ತಾರೆ ಕೂಡ. ಅಲ್ಲೇ ರೇಬಿಸ್ ಚುಚ್ಚುಮದ್ದು ಹಾಕುತ್ತಾರೆ, ಪ್ರವಾಸಕ್ಕೆ ಬೇಕಾದ ಬೇರೆ ಲಸಿಕೆಗಳೂ ಇವೆ. ಚರ್ಮದ ಪದರದಲ್ಲಿ ಸ್ವಲ್ಪವೇ ಔಷಧ ಹಾಕುವ ರೇಬಿಸ್ ಲಸಿಕೆಯ ಕ್ರಮಕ್ಕೆ ಥಾಯ್ ರೆಡ್ ಕ್ರಾಸ್ ಕ್ರಮ ಅಂತಲೇ ಹೆಸರು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ 0, 3, 7 ಮತ್ತು 28ನೇ ದಿನ ಅಂತ ಚೀಟಿ ಬರೆದುಕೊಡುತ್ತಾರಲ್ಲ, ಅದರ ಮೂಲ ಇದೇ. ನನ್ನ 28ನೇ ದಿನ ಬ್ಯಾಂಕಾಕಿನಲ್ಲಿ ಬಿತ್ತು. ಹಳೆಯ ಚೀಟಿ ತೋರಿಸಿದೆ, ಕೂತೆ, ಚುಚ್ಚಿಸಿಕೊಂಡು ಬಂದೆ. ನಾಯಿ, ಕೋತಿ ಕಚ್ಚಿದರೆ ‘ದೊಡ್ಡ ಊರಿಗೆ ಹೋದ ಮೇಲೆ ನೋಡೋಣ’ ಅಂತ ಕಾಯಬೇಡಿ. ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಮೊದಲ ಡೋಸು ಇದ್ದಲ್ಲೇ ಹಾಕಿಸಿಕೊಳ್ಳಿ. ಉಳಿದ ಡೋಸಿನ ದಿನಗಳನ್ನು ನೋಡಿ ಪ್ರಯಾಣ ಹೊಂದಿಸಿಕೊಳ್ಳಿ.

ಮೈ ದಣಿದವರಿಗೆ ಲುಂಪಿನಿ ಪಾರ್ಕು ದೊಡ್ಡ ಆಸರೆ. ಕೆರೆ ಬದಿಯಲ್ಲಿ ಮೊಸಳೆಮರಿ ಥರ ಏನೋ ನಡೆದುಕೊಂಡು ಹೋದರೆ ಹೆದರಬೇಡಿ, ಅದು ಉಡ. ಸಂಜೆ ಓಡುವವರು ನೂರಾರು ಜನ. ಸರಿಯಾಗಿ ಆರು ಗಂಟೆಗೆ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುತ್ತಿದ್ದವರು ಹಾಗೇ ನಿಲ್ಲುತ್ತಾರೆ, ಬೆವರು ಇಳಿಯುತ್ತಿದ್ದ ಹಾಗೇ. ಮುಗಿದ ಕೂಡಲೇ ಮತ್ತೆ ಓಟ. ನೀವೂ ನಿಲ್ಲಿ. ಪಾರ್ಕಿನಿಂದ 1.3 ಕಿಲೋಮೀಟರಿನ ಒಂದು ಮೇಲುದಾರಿ ಹಿಡಿದು ನಡೆದರೆ ಬೆಂಜಕಿತ್ತಿ ಅರಣ್ಯ ಪಾರ್ಕು. ಹಳೆಯ ತಂಬಾಕು ಕಾರ್ಖಾನೆಯ ಜಾಗವನ್ನು ಕೆರೆ, ಕಾಡು ಮಾಡಿ 2022ರಲ್ಲಿ ತೆರೆದಿದ್ದಾರೆ. ಟಿಕೆಟಿಲ್ಲ.

ಸಿಲೋಮ್ ರಸ್ತೆಯ ಇನ್ನೊಂದು ಕಡೆ ಮಹಾ ಮಾರಿಯಮ್ಮನ ಗುಡಿ. ಇಲ್ಲಿನವರು ವಾಟ್ ಖೇಕ್ ಅನ್ನುತ್ತಾರೆ. 19ನೇ ಶತಮಾನದಲ್ಲಿ ತಮಿಳರು ಕಟ್ಟಿದ್ದು. ಈಗ ಒಳಗೆ ಕೈ ಮುಗಿದು ನಿಂತವರಲ್ಲಿ ಥಾಯ್ ಜನರೇ ಜಾಸ್ತಿ. ನವರಾತ್ರಿಯ ಕೊನೆಗೆ ದೇವಿಯ ಮೆರವಣಿಗೆ ಸಿಲೋಮ್ ರಸ್ತೆಯಲ್ಲೇ ಹೊರಡುತ್ತದೆ. ದಸರಾ ಹೊತ್ತಿಗೆ ಮೈಸೂರಿನಿಂದ ದೂರ ಇದ್ದೀರಿ ಅಂದರೆ ಆ ರಾತ್ರಿ ಅಲ್ಲಿರಿ. ಗುಡಿಯ ಸುತ್ತಮುತ್ತ ದೋಸೆ, ಇಡ್ಲಿ ಸಿಗುವ ಜಾಗಗಳೂ ಇವೆ. ಬೀದಿ ಊಟಕ್ಕಿಂತ ದುಬಾರಿ. ಆದರೂ ಒಂದು ಸಲ ತಿನ್ನಿ.

ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ. ಆಗ ಸಿಲೋಮ್ ಮತ್ತು ಖಾವ್ ಸಾನ್ ಎರಡೂ ನೀರಾಟದ ಕಣ. ಆಟ ಬೇಕಿದ್ದರೆ ಬನ್ನಿ. ವಿಶ್ರಾಂತಿ ಬೇಕಿದ್ದರೆ ಆ ಮೂರು ದಿನ ಎರಡೂ ಬೇಡ.

ಒನ್ ನಟ್, ಆರಿ, ನದಿಯಾಚೆ

ಒಂದು ವಾರಕ್ಕಿಂತ ಜಾಸ್ತಿ ಇರುತ್ತೀರಾ? ಲ್ಯಾಪ್‌ಟಾಪಿನಲ್ಲಿ ಕೆಲಸ ಇದೆಯಾ? ಆಗ ಒನ್ ನಟ್ ನೋಡಿ. ನಡು ಊರಿನ ಸಿಯಾಮ್ ಸ್ಟೇಷನ್ನಿನಿಂದ ಸ್ಕೈಟ್ರೇನಿನಲ್ಲಿ ಒಂಬತ್ತನೇ ಸ್ಟೇಷನ್. ನಡು ಊರಿನ ಸುಖುಮ್‌ವಿಟ್‌ಗಿಂತ ಬಾಡಿಗೆ ಕಡಿಮೆ. ಅಡುಗೆಮನೆ ಇರುವ ಸಣ್ಣ ರೂಮು ಸಿಗುತ್ತದೆ, ಸಂತೆ ಇದೆ, ಸೂಪರ್‌ಮಾರ್ಕೆಟ್ ಇದೆ, ನಾಣ್ಯ ಹಾಕಿದರೆ ಓಡುವ ವಾಷಿಂಗ್ ಮೆಷಿನ್ನುಗಳ ಅಂಗಡಿ ಇದೆ. ನಾನೇ ಅನ್ನ, ತಿಳಿಸಾರು ಮಾಡಿಕೊಂಡು ಹತ್ತು ದಿನ ಅಲ್ಲಿದ್ದೆ. ನೋಡಲು ಏನೂ ಇಲ್ಲ. ಅದೇ ಅದರ ಗುಣ.

ಆರಿ ಇನ್ನೂ ಚೆಂದ, ಮರಗಳಿರುವ ಗಲ್ಲಿಗಳು, ಒಳ್ಳೆಯ ಕಾಫಿ. ಆದರೆ ಕಡಿಮೆ ದುಡ್ಡಿನ ಹಾಸಿಗೆ ಕಡಿಮೆ. ಚತುಚಕ್ ಶನಿವಾರ–ಭಾನುವಾರದ ಸಂತೆ ಹತ್ತಿರ. ವೀಸಾ ಮುಂದುವರಿಸಬೇಕಿದ್ದರೆ ಚೇಂಗ್ ವತ್ತನದ ಇಮಿಗ್ರೇಷನ್ ಕಚೇರಿಗೂ ಈ ಉತ್ತರದ ಕಡೆಯಿಂದಲೇ ಹೋಗುವುದು ಸುಲಭ. ಅದರ ಶುಲ್ಕ 1,900 ಬಾತ್. ಬೆಳಿಗ್ಗೆ ಬೇಗ ಹೋದವರು ಮಧ್ಯಾಹ್ನಕ್ಕೆ ಮುಗಿಸಿಕೊಂಡು ಬರಬಹುದು. ಪಾಸ್‌ಪೋರ್ಟಿನ ತೊಂದರೆ ಬಂದರೆ ಮಾತ್ರ ಅಸೋಕ್ ಕಡೆ ಹೋಗಿ, ಭಾರತದ ರಾಯಭಾರ ಕಚೇರಿ ಇರುವುದು ಸುಖುಮ್‌ವಿಟ್ 23ನೇ ಗಲ್ಲಿಯಲ್ಲಿ.

ನದಿಯಾಚೆಯ ಥೊನ್‌ಬುರಿ 1782ರಲ್ಲಿ ಬ್ಯಾಂಕಾಕ್ ರಾಜಧಾನಿ ಆಗುವ ಮುಂಚೆ ತಾನೇ ರಾಜಧಾನಿಯಾಗಿತ್ತು. ಈಗ ಕಾಲುವೆ, ಮರದ ಮನೆ, ನಿಶ್ಶಬ್ದ. ಎಲ್ಲ ಕೆಲಸ ಮುಗಿದು, ಎಲ್ಲೂ ಹೋಗಬೇಕಿಲ್ಲ ಅನ್ನುವಾಗ ಒಂದೆರಡು ರಾತ್ರಿಗೆ ಇದಕ್ಕಿಂತ ಹಿತವಾದ ಜಾಗ ನನಗೆ ಸಿಕ್ಕಿಲ್ಲ. ಕೆಲಸ ಬಾಕಿ ಇದ್ದಾಗ ಬೇಡ.

ಬರುವ ದಾರಿಯೂ ಲೆಕ್ಕಕ್ಕೆ ಬರುತ್ತದೆ

ಹಳೆಯ ಬ್ಲಾಗು ಓದಿ ರೈಲು ಹುವಾ ಲಂಫೋಂಗ್‌ಗೆ ಬರುತ್ತದೆ ಅಂದುಕೊಳ್ಳಬೇಡಿ. 2023ರ ಜನವರಿಯಿಂದ ದೂರದ ರೈಲುಗಳು ಬಂಗ್ ಸೂನಲ್ಲಿರುವ ಕ್ರುಂಗ್ ಥೆಪ್ ಅಫಿವಟ್ ಎಂಬ ಹೊಸ ನಿಲ್ದಾಣಕ್ಕೆ ಬರುತ್ತವೆ. ಅಲ್ಲಿಂದ ನೀಲಿ ಮೆಟ್ರೋ ಹತ್ತಿದರೆ ಸಿಲೋಮ್‌ಗೂ ಚೈನಾಟೌನ್‌ಗೂ ಬದಲಿಸದೆ ಹೋಗಬಹುದು. ಬಂಗ್ಲಂಫುವಿಗೆ ಮೆಟ್ರೋ ಇಳಿದು ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. 2024ರ ಜುಲೈಯಿಂದ ಲಾವೋಸಿನ ವಿಯೆಂಟಿಯಾನ್‌ನಿಂದಲೇ ನೇರ ರಾತ್ರಿ ರೈಲು ಇದೆ. ಬಸ್ಸಿಗಿಂತ ಅದೇ ಒಳ್ಳೆಯದು, ಮೈ ಚಾಚಿ ಮಲಗಬಹುದು.

ದಕ್ಷಿಣದ ದ್ವೀಪಗಳಿಂದ ಬಸ್ಸಿನಲ್ಲಿ ಬಂದರೆ ನದಿಯಾಚೆಯ ಸಾಯ್ ತಾಯ್ ಮಾಯ್ ನಿಲ್ದಾಣದಲ್ಲಿ ಇಳಿಸುತ್ತಾರೆ. ಆಗ ಬಂಗ್ಲಂಫು ಹತ್ತಿರ. ಪೂರ್ವ ಕರಾವಳಿಯಿಂದ ಬಂದರೆ ಏಕಮಾಯ್ ನಿಲ್ದಾಣ, ಅಲ್ಲಿಂದ ಒನ್ ನಟ್ ಎರಡೇ ಸ್ಟೇಷನ್. ಉತ್ತರದ ಬಸ್ಸು ಮೋ ಚಿಟ್‌ಗೆ ಬರುತ್ತದೆ. ಮೋ ಚಿಟ್ ಬಸ್ ನಿಲ್ದಾಣ ಬೇರೆ, ಮೋ ಚಿಟ್ ಸ್ಕೈಟ್ರೇನ್ ಸ್ಟೇಷನ್ ಬೇರೆ. ಬ್ಯಾಗು ಹೊತ್ತು ನಡೆಯುವ ದೂರವಲ್ಲ. ಕಾಂಬೋಡಿಯಾದಿಂದ ಬಸ್ಸಿನಲ್ಲಿ ಬರುವ ಯೋಚನೆ ಇದ್ದರೆ ಮೊದಲು ಗಡಿ ತೆರೆದಿದೆಯಾ ನೋಡಿ. 2025ರಲ್ಲಿ ಎರಡೂ ದೇಶಗಳ ನಡುವೆ ಗುಂಡಿನ ಕಾಳಗ ಆಗಿ ಭೂಗಡಿಗಳು ಮುಚ್ಚಿದವು.

ಹಾಗೆಯೇ, ಪ್ರತಿ ಸಲ ಥಾಯ್ಲೆಂಡಿಗೆ ಮರಳುವಾಗಲೂ ಅದು ಹೊಸ ಪ್ರವೇಶ. 2025ರ ಮೇ 1ರಿಂದ ಆನ್‌ಲೈನ್ ಆಗಮನ ಅರ್ಜಿ ಕಡ್ಡಾಯ. ಮೊದಲ ಸಲ ತುಂಬಿದ್ದೀನಲ್ಲ ಅಂತ ಬಿಡಬೇಡಿ, ಮತ್ತೆ ತುಂಬಬೇಕು. ಭಾರತೀಯರಿಗೆ ವೀಸಾ ಇಲ್ಲದೆ ಎಷ್ಟು ದಿನ ಅನ್ನುವ ನಿಯಮ ಈಚೆಗೆ ಪದೇ ಪದೇ ಬದಲಾಗಿದೆ. ಗಡಿಗೆ ಹೊರಡುವ ಹಿಂದಿನ ದಿನ ರಾಯಭಾರ ಕಚೇರಿಯ ಪುಟದಲ್ಲಿ ನೋಡಿಕೊಳ್ಳಿ.

ಡಾರ್ಮೋ ರೂಮೋ?

ಮೊದಲ ರಾತ್ರಿ ಮಾತ್ರ ರೂಮು ಮಾಡಿ. ವಾರಗಟ್ಟಲೆ ಎಂಟು ಜನರ ಉಸಿರಿನ ನಡುವೆ ಮಲಗಿ ಬಂದವರಿಗೆ ಬಾಗಿಲು ಹಾಕಿಕೊಂಡು ಹನ್ನೆರಡು ಗಂಟೆ ಮಲಗುವುದು ಔಷಧಿ ಇದ್ದ ಹಾಗೆ. ಬ್ಯಾಗಿನಲ್ಲಿರುವುದನ್ನೆಲ್ಲ ನೆಲದ ಮೇಲೆ ಸುರಿದು, ಬೇಕಾದ್ದು ಬೇಡದ್ದು ಬೇರೆ ಮಾಡಿ. ಮರುದಿನ ಡಾರ್ಮಿಗೆ ಹೋಗಿ. ದುಡ್ಡು ಉಳಿಯುತ್ತದೆ, ಮಾತಿಗೂ ಜನ ಸಿಗುತ್ತಾರೆ.

ಬ್ಯಾಂಕಾಕ್‌ಗೆ ಮೂರನೇ ಸಲವೂ ಬರುವ ಅಂದಾಜು ಇದ್ದರೆ ಬೇಡದ್ದನ್ನು ಹೊತ್ತುಕೊಂಡು ಹೋಗಬೇಡಿ. ಚಳಿಯ ಜಾಕೆಟ್ಟು, ಓದಿದ ಪುಸ್ತಕ, ಮನೆಗೆ ತಗೊಂಡ ಸೀರೆ ಬಟ್ಟೆ ಎಲ್ಲ ಒಂದು ಚೀಲಕ್ಕೆ ಹಾಕಿ ಹಾಸ್ಟೆಲಿನಲ್ಲೇ ಬಿಡಿ. ತುಂಬಾ ಕಡೆ ಇಟ್ಟುಕೊಳ್ಳುತ್ತಾರೆ, ಕೆಲವರು ದಿನಕ್ಕೆ ಇಷ್ಟು ಅಂತ ತಗೊಳ್ಳುತ್ತಾರೆ. ಹೆಸರು, ತಾರೀಖು ಬರೆದು ಅಂಟಿಸಿ ಫೋಟೊ ತೆಗೆದುಕೊಳ್ಳಿ. ಹೀಗೆ ಮಾಡುವುದಾದರೆ ಚೀಲವನ್ನು ಯಾವ ಏರಿಯಾದಲ್ಲಿ ಬಿಡಬೇಕು ಅಂತ ಮೊದಲೇ ಯೋಚಿಸಿ: ಬೆಂಗಳೂರಿಗೆ ವಾಪಸಾಗುವ ವಿಮಾನ ಸುವರ್ಣಭೂಮಿಯಿಂದಲಾ, ಡಾನ್ ಮುವಾಂಗ್‌ನಿಂದಲಾ ಅಂತ ಟಿಕೆಟ್ ನೋಡಿ. ಸುವರ್ಣಭೂಮಿಗಾದರೆ ಫಾಯಾ ಥಾಯ್‌ನಿಂದ ಏರ್‌ಪೋರ್ಟ್ ರೈಲು, ಸ್ಕೈಟ್ರೇನಿನ ದಾರಿಯಲ್ಲಿರುವ ಯಾವ ಏರಿಯಾ ಆದರೂ ನಡೆಯುತ್ತದೆ. ಡಾನ್ ಮುವಾಂಗ್‌ಗಾದರೆ ಬಂಗ್ ಸೂನಿಂದ ಕೆಂಪು ರೈಲು, ಚೈನಾಟೌನ್ ಅಥವಾ ಸಿಲೋಮ್‌ನಿಂದ ನೀಲಿ ಮೆಟ್ರೋದಲ್ಲಿ ಅಲ್ಲಿಗೆ ನೇರ ಹೋಗಬಹುದು. ನನ್ನ ಚೀಲ ಈಗಲೂ ಚರೋಯೆನ್ ಕ್ರುಂಗ್‌ನ ಒಂದು ಹಾಸ್ಟೆಲಿನ ಮೆಟ್ಟಿಲ ಕೆಳಗಿದೆ. ನವೆಂಬರಿನಲ್ಲಿ ಹೋಗಿ ತರಬೇಕು.